ಮುಖವಾಡದ ಕಣ್ಣು

ಶೃಂಗೇರಿಯಿಂದ ಹತ್ತು ಕಿಲೋಮೀಟರಿನ ಸುಮಾರಿಗೆ, ನರಸಿಂಹಪರ್ವತದ ಮಗ್ಗುಲಲ್ಲಿ ಕಿಗ್ಗವಿದೆ. ಮಳೆ ಬಾರದಿದ್ದರೆ ಬರಲೆಂದೂ, ಬಂದದ್ದು ನಿಲ್ಲದಿದ್ದರೆ ನಿಲ್ಲಲೆಂದೂ ನಾಡಿನವರು ಹರಕೆ ಹೊರುವ ಋಷ್ಯಶೃಂಗೇಶ್ವರನ ಸನ್ನಿಧಿ ಅದು. ವಿಭಾಂಡಕ ಮುನಿಯ ಮಗ, ಜಿಂಕೆಯ ಬಸಿರಲ್ಲಿ ಹುಟ್ಟಿ ತಲೆಯ ಮೇಲೆ ಕೊಂಬು ಹೊತ್ತವನು, ಕಾಲಿಟ್ಟ ಮಾತ್ರಕ್ಕೇ ಅಂಗದೇಶದ ಬರವನ್ನು ಕಳೆದವನು. ಈ ಕಥೆಯನ್ನು ವಾಚಕರಿಗೆ ಹೊಸದಾಗಿ ಹೇಳಬೇಕಾದುದಿಲ್ಲ. ಮಹಾಭಾರತದ ವನಪರ್ವದಲ್ಲಿ ಬರುವ ಒಂದು ಸ್ವಾರಸ್ಯವನ್ನು ಮಾತ್ರ ನೆನಪಿಗೆ ತರುತ್ತೇನೆ. ತಂದೆಯನ್ನಲ್ಲದೆ ಇನ್ನೊಬ್ಬ ಮನುಷ್ಯರನ್ನು ಕಂಡೇ ಇರದ ಆ ಹುಡುಗ, ತನ್ನನ್ನು ಮರುಳುಮಾಡಲು ಬಂದ ವೇಶ್ಯೆಯನ್ನು ಯಾರೋ ತೇಜಸ್ವಿಯಾದ ಬ್ರಹ್ಮಚಾರಿಯೆಂದೇ ಬಗೆದ. ತಂದೆ ಬಂದ ಮೇಲೆ ಅವಳ ಜಡೆಯನ್ನೂ ಒಡವೆಯನ್ನೂ ನಡಿಗೆಯನ್ನೂ ಒಂದನ್ನೂ ಬಿಡದೆ ವರ್ಣಿಸಿದ. ಕಣ್ಣು ಎಲ್ಲವನ್ನೂ ಕಂಡಿತ್ತು. ಕಂಡದ್ದು ಏನೆಂಬುದು ಮಾತ್ರ ತಿಳಿದಿರಲಿಲ್ಲ. ವೇಷ ಕಟ್ಟುವವರು ಬಯಸುವುದೂ ನೋಡುವವರಲ್ಲಿ ಇಂಥ ಮುಗ್ಧತೆಯನ್ನೇ.

ಇಂಥ ಅರೆಮನುಷ್ಯ ಅರೆಮೃಗದ ಪಾತ್ರವನ್ನು ರಂಗಕ್ಕೆ ತರಬೇಕಾದರೆ ಎರಡು ದಾರಿಗಳುಂಟು. ತಲೆಗೆ ಒಂದು ಕೊಂಬು ಕಟ್ಟಿ ಮುಖವನ್ನು ತೆರೆದಿಡುವುದು ಒಂದು. ಜಿಂಕೆಯ ಮುಖವನ್ನೇ ಮಾಡಿ ತೊಡಿಸಿಬಿಡುವುದು ಇನ್ನೊಂದು. ಮೊದಲನೆಯದರಲ್ಲಿ ತೊಡಕಿಲ್ಲ. ಎರಡನೆಯದನ್ನು ಹಿಡಿದ ಕೂಡಲೇ ಒಂದು ಪ್ರಶ್ನೆ ಎದುರಾಗುತ್ತದೆ: ಒಳಗಿರುವ ಮನುಷ್ಯ ನೋಡುವುದು ಹೇಗೆ? ಮುಖವಾಡಕ್ಕೆ ಕಣ್ಣು ಬೇಕು, ಅದು ದೊಡ್ಡದಾಗಿ, ಹೊಳೆಯುವಂತೆ, ದೂರಕ್ಕೂ ಕಾಣುವಂತೆ ಇರಬೇಕು. ಅದೇ ಮುಖವಾಡದಲ್ಲಿ ತೊಟ್ಟವನಿಗೂ ಒಂದು ಕಿಂಡಿ ಬೇಕು, ಅದಾದರೋ ಯಾರಿಗೂ ಕಾಣಬಾರದು. ತೋರುವ ಕಣ್ಣು ಬೇರೆ, ನೋಡುವ ಕಣ್ಣು ಬೇರೆ. ಈ ಎರಡು ಕಣ್ಣುಗಳನ್ನು ಒಂದೇ ಮುಖದಲ್ಲಿ ಹೊಂದಿಸಲು ಕುಶಲಿಗಳು ಕಾಲದಿಂದ ಕಾಲಕ್ಕೆ ಹೂಡಿದ ಉಪಾಯಗಳನ್ನು ಇಲ್ಲಿ ಸ್ವಲ್ಪಮಟ್ಟಿಗೆ ವಿಚಾರ ಮಾಡಬೇಕೆಂದಿದ್ದೇನೆ. ಮುಖವಾಡಗಳ ಬಣ್ಣ, ಕೆತ್ತನೆ, ದೈವತ್ವಗಳ ಮೇಲೆ ಬೇಕಾದಷ್ಟು ಬರೆದಿದ್ದಾರೆ. ಈ ತೂತಿನ ಮೇಲೆ ಬರೆದವರು ವಿರಳ.

ಮೊದಲು ಶಬ್ದವನ್ನು ನೋಡೋಣ. ಪಂಡಿತರ ಹಳೆಯ ಚಟ, ವಾಚಕರು ಸೈರಿಸಬೇಕು. ಹಳಗನ್ನಡದಲ್ಲಿ ಆನೆಯ ಮುಖಕ್ಕೆ ಹೊದಿಸುವ ಬಟ್ಟೆಗೆ 'ಮೊಗವಡ' ಎಂಬ ಮಾತುಂಟು. ಅದು 'ಮುಖಪಟ'ದ ತದ್ಭವ. ಪಕಾರ ವಕಾರವಾಗುವುದೂ ಟಕಾರ ಡಕಾರವಾಗುವುದೂ ವ್ಯಾಕರಣ ಬಲ್ಲವರಿಗೆ ಹೊಸದಲ್ಲ. ನಮ್ಮ 'ಮುಖವಾಡ'ವೂ ಅದೇ ದಾರಿಯಲ್ಲಿ ಬಂದದ್ದಿರಬೇಕೆಂದು ನನ್ನ ಎಣಿಕೆ. ಹಾಗಿದ್ದರೆ ಮುಖವಾಡವೆಂಬುದು ಹುಟ್ಟಿನಲ್ಲಿ ಮರವೂ ಅಲ್ಲ, ಲೋಹವೂ ಅಲ್ಲ, ಬಟ್ಟೆ. ಈ ಬಟ್ಟೆಯ ಸಂಗತಿಯನ್ನು ವಾಚಕರು ನೆನಪಿನಲ್ಲಿಟ್ಟಿರಬೇಕು. ಕೊನೆಗೆ ಈ ಕಾಲದ ಮುಖವಾಡದ ಕಣ್ಣೂ ಬಟ್ಟೆಗೇ ಬಂದು ನಿಂತಿದೆ.

ಭರತನ ನಾಟ್ಯಶಾಸ್ತ್ರವೂ ಬಟ್ಟೆಯಿಂದಲೇ ತೊಡಗುತ್ತದೆ. ಆಹಾರ್ಯಾಭಿನಯವನ್ನು ಹೇಳುವ ಅಧ್ಯಾಯದಲ್ಲಿ, ರಂಗಕ್ಕೆ ಬೇಕಾದ ಆನೆ, ರಥ, ಬೆಟ್ಟ ಮೊದಲಾದ ಕೃತಕ ವಸ್ತುಗಳನ್ನು ಮಾಡುವ ಕ್ರಮಕ್ಕೆ 'ಪುಸ್ತ'ವೆಂದು ಹೆಸರಿಟ್ಟು, ಅದರಲ್ಲಿ ಜೋಡಿಸಿ ಮಾಡುವುದು, ಯಂತ್ರದಿಂದ ಆಡಿಸುವುದು, ಸುತ್ತಿ ಮಾಡುವುದು ಎಂದು ಮೂರು ಬಗೆ ಹೇಳಿದೆ. ಮುಖವಾಡಕ್ಕೆ ಅಲ್ಲಿಯ ಮಾತು 'ಪ್ರತಿಶೀರ್ಷ', ಎಂದರೆ ತಲೆಗೆ ಪ್ರತಿಯಾದ ಇನ್ನೊಂದು ತಲೆ. ಅದನ್ನು ಮಾಡುವ ವಿಧಾನವನ್ನು ಮುನಿ ಅಡಿಗೆಯ ಪುಸ್ತಕದಷ್ಟು ಸ್ಪಷ್ಟವಾಗಿ ಕೊಟ್ಟಿದ್ದಾನೆ. 32 ಅಂಗುಲದ ಒಂದು ಪಟಿಯನ್ನು ತೆಗೆದುಕೊಳ್ಳಬೇಕು. ಬಿಲ್ವದ ಅಂಟಿನಿಂದ ಅದಕ್ಕೆ ಬಟ್ಟೆಯನ್ನು ಹತ್ತಿಸಬೇಕು. ಬೂದಿಯನ್ನೋ ಬತ್ತದ ಹೊಟ್ಟನ್ನೋ ಅದೇ ಅಂಟಿನಲ್ಲಿ ಕಲಸಿ ಮುಖದ ಆಕಾರ ತರಬೇಕು, ಮೇಲೆ ಮತ್ತೆ ಬಟ್ಟೆ ಮುಚ್ಚಬೇಕು. ಅಂಟು ಬಹಳ ದಪ್ಪವೂ ಆಗಬಾರದು, ಬಹಳ ತೆಳುವೂ ಆಗಬಾರದು. ಬಿಸಿಲಿನಲ್ಲೋ ಬೆಂಕಿಯ ಕಾವಿನಲ್ಲೋ ಚೆನ್ನಾಗಿ ಒಣಗಿಸಬೇಕು. ಒಣಗಿದ ಮೇಲೆ ಹರಿತವಾದ ಆಯುಧದಿಂದ ತೂತುಗಳನ್ನು ತೆರೆಯಬೇಕು. ಹಣೆಗೆ, ಕೆನ್ನೆಗೆ, ಕಿವಿಗೆ, ಬಾಯಿಗೆ ಇಷ್ಟಿಷ್ಟು ಅಂಗುಲವೆಂದು ಲೆಕ್ಕವೂ ಇದೆ.

ಇಲ್ಲಿ ನಾನು ಗಮನಿಸಬೇಕೆನ್ನುವುದು ಕೆಲಸದ ಅನುಕ್ರಮವನ್ನು. ತೂತು ತೆರೆಯುವುದು ಒಣಗಿದ ಮೇಲೆ, ಮುಂಚೆಯಲ್ಲ. ಹಸಿಯಾಗಿದ್ದಾಗ ಕೊರೆದ ಕಂಡಿ ಒಣಗುವಾಗ ಮುರುಟಿ ಎತ್ತಲೋ ಸರಿದುಬಿಡುತ್ತದೆ. ನಮ್ಮ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆಯ ಹುಡುಗರು ಅಡಿಕೆಯ ಹಾಳೆಯಿಂದ ಮುಖವಾಡ ಮಾಡುತ್ತಾರೆ. ಹಾಳೆಯನ್ನು ನೀರಿನಲ್ಲಿ ನೆನೆಸಿ, ಮೆತ್ತಗಾದಾಗ ಕತ್ತಿಯ ತುದಿಯಿಂದ ಎರಡು ಕಣ್ಣು ಕೊರೆದು ಒಲೆಯ ಹತ್ತಿರ ಇಟ್ಟರೆ, ಬೆಳಗಾಗುವುದರೊಳಗೆ ಹಾಳೆ ಸುರುಳಿಕೊಂಡು, ಒಂದು ಕಣ್ಣು ಹುಬ್ಬಿನ ಮೇಲೂ ಒಂದು ಕಣ್ಣು ಕೆನ್ನೆಯ ಮೇಲೂ ಕುಳಿತಿರುತ್ತದೆ. ಭರತನನ್ನು ಓದಿದ್ದರೆ ಹೀಗಾಗುತ್ತಿರಲಿಲ್ಲ! ಕೇರಳದ ಪಡಯಣಿಯಲ್ಲಿ ಇದೇ ಅಡಿಕೆ ಹಾಳೆಯ ಮೇಲೆ ಬಣ್ಣ ಬರೆದು ಭಗವತಿಯ ಮುಂದೆ ಕುಣಿಯುವ ದೊಡ್ಡ ಕೋಲಗಳನ್ನು ಕಟ್ಟುತ್ತಾರೆಂಬುದನ್ನು ನೆನೆದರೆ ಹಾಳೆ ಹಗುರವಾದ ವಸ್ತುವಾದರೂ ಹಗುರವಾಗಿ ಕಾಣತಕ್ಕ ವಸ್ತುವಲ್ಲ.

ಶಾಸ್ತ್ರದಲ್ಲಿ ಇಷ್ಟು ವಿವರವಿದ್ದರೂ ನಮ್ಮ ಯಕ್ಷಗಾನದವರು ಮುಖವಾಡವನ್ನು ಬಹುಮಟ್ಟಿಗೆ ದೂರವಿಟ್ಟರು. ಅವರ ರಾಕ್ಷಸನ ಮುಖವನ್ನು ನೋಡಿದವರು ಇದನ್ನು ಒಡನೆ ಒಪ್ಪಲಾರರು. ಬಣ್ಣದ ವೇಷಧಾರಿ ಚೌಕಿಯಲ್ಲಿ ಗಂಟೆಗಟ್ಟಲೆ ಕುಳಿತು, ಅಕ್ಕಿಹಿಟ್ಟು ಸುಣ್ಣಗಳ ಚಿಟ್ಟಿಯನ್ನು ಹನಿಹನಿಯಾಗಿ ಇಟ್ಟುಕೊಂಡು, ಕೆಂಪು ಕಪ್ಪುಗಳನ್ನು ತುಂಬಿ ಎದ್ದುಬಂದರೆ ಅದು ಮುಖವೋ ಮುಖವಾಡವೋ ಎಂದು ಭ್ರಮೆಯಾಗುತ್ತದೆ. ಆದರೆ ಆ ಮುಖದ ನಡುವೆ ಎರಡು ಕಣ್ಣುಗಳು ಅವನವೇ. ಸುತ್ತಲಿನ ಕೆಲಸವೆಲ್ಲ ಆ ಕಣ್ಣನ್ನು ದೊಡ್ಡದು ಮಾಡುವುದಕ್ಕೆ. ಹೊರಳುವ ಕಣ್ಣು, ಕೆರಳುವ ಕಣ್ಣು, ಪ್ರಸಂಗ ಮುಗಿಯುವ ಬೆಳಗಿನ ಜಾವದಲ್ಲಿ ನಿದ್ದೆಗೆಟ್ಟು ಕೆಂಪಾದ ಕಣ್ಣು, ಎಲ್ಲವೂ ಅಭಿನಯಕ್ಕೆ ಸಲ್ಲುತ್ತವೆ. ಮುಖವಾಡವನ್ನು ಕಟ್ಟಿದ್ದರೆ ಇದಿಷ್ಟೂ ನಷ್ಟವಾಗುತ್ತಿತ್ತು, ಮೇಲೆ ಮಾತೂ ಉಸಿರೂ ಕಟ್ಟುತ್ತಿದ್ದವು. ಅರ್ಥಗಾರಿಕೆಯೇ ಜೀವವಾದ ಆಟಕ್ಕೆ ಬಾಯಿ ಮುಚ್ಚಿದರೆ ಉಳಿಯುವುದೇನು? ಶಿವರಾಮ ಕಾರಂತರು 'ಯಕ್ಷಗಾನ ಬಯಲಾಟ'ವೆಂಬ ಗ್ರಂಥದಲ್ಲಿ ಈ ವೇಷಗಳನ್ನು ವಿಸ್ತಾರವಾಗಿ ವಿಚಾರ ಮಾಡಿದ್ದಾರೆ. ಅದಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಹುಮಾನ ಬಂತು. ಆಸಕ್ತಿಯುಳ್ಳವರು ಓದಬೇಕು.

ಮುಖ ಮುಚ್ಚಿಯೇ ಕುಣಿಯುವವರ ಕಡೆಗೆ ಈಗ ಬರೋಣ. ಘಟ್ಟದ ಮೇಲಿನ ಬಯಲುಸೀಮೆಯಲ್ಲಿ, ತುಮಕೂರು ಹಾಸನ ಮಂಡ್ಯಗಳ ಕಡೆ, ಗ್ರಾಮದೇವತೆಯ ಕಾವಲಿನವನಾಗಿ ಸೋಮ ಕುಣಿಯುತ್ತಾನೆ. ಮರದಲ್ಲಿ ಕೆತ್ತಿ, ಕೆಂಪು ಹಳದಿ ಬಣ್ಣ ಬಳಿದ, ಮನುಷ್ಯರ ಮುಖಕ್ಕಿಂತ ಎಷ್ಟೋ ಪಾಲು ದೊಡ್ಡದಾದ ಮುಖ ಅದು. ಅಷ್ಟು ದೊಡ್ಡ ಮುಖದಲ್ಲಿ ಬರೆದ ಕಣ್ಣು ಒಂದು ಕಡೆ ಬಿದ್ದರೆ ಹೊತ್ತವನ ಕಣ್ಣು ಇನ್ನೊಂದು ಕಡೆ ಬೀಳುವುದು ಸಹಜ. ತೋರುವ ಕಣ್ಣಿನಿಂದಲೇ ನೋಡಬೇಕೆಂಬ ಹಟವನ್ನು ಇಲ್ಲಿ ಬಿಡಲೇಬೇಕಾಗುತ್ತದೆ. ತುಳುನಾಡಿನ ಭೂತದ ಕೋಲದಲ್ಲಿ ಮಾತು ಬೇರೆ. ಪಂಜುರ್ಲಿಯ ಹಂದಿಮುಖ ಮೊದಲಾದ ಲೋಹದ ಮುಖವಾಡಗಳಿಗೆ ಅಲ್ಲಿ 'ಮೊಗ'ವೆಂದು ಹೆಸರು. ಅರದಾಳ ಬಳಿದುಕೊಂಡ ಸ್ವಂತ ಮುಖದಿಂದ ಬಹಳ ಹೊತ್ತು ನುಡಿದು ಕುಣಿದ ಮೇಲೆ, ಮೊಗವನ್ನು ಏರಿಸಿಕೊಳ್ಳುವುದು ಆವೇಶದ ಒಂದು ಹಂತದಲ್ಲಿ ಮಾತ್ರ. ಲೋಹ ಭಾರ, ಬೆಂಕಿಯ ದೀವಟಿಗೆಗಳ ನಡುವೆ ಬಿಸಿ. ಅದನ್ನು ರಾತ್ರಿಯಿಡೀ ತೊಡುವುದು ಸಾಧ್ಯವಿಲ್ಲವೆಂದೇ ಈ ಕ್ರಮವೋ, ದೈವದ ಮುಖವನ್ನು ಸದಾ ತೊಡಬಾರದೆಂಬ ಭಕ್ತಿಯೋ, ಎರಡೂ ಕೂಡಿರಬೇಕು. ದಸರೆಯ ದಿನಗಳಲ್ಲಿ ಮಂಗಳೂರು ಉಡುಪಿಗಳ ಬೀದಿಯಲ್ಲಿ ಕುಣಿಯುವ ಹುಲಿವೇಷದವರು ಇನ್ನೂ ಜಾಣರು. ಎಷ್ಟೋ ಜನ ಹುಲಿಯ ತಲೆಯನ್ನು ನೆತ್ತಿಯ ಮೇಲೆ ಕಿರೀಟದಂತೆ ಕಟ್ಟಿ, ತಮ್ಮ ಮುಖಕ್ಕೆ ಪಟ್ಟೆ ಬಳಿದು ತೆರೆದೇ ಇಡುತ್ತಾರೆ. ಹಾರಿ ಲಾಗ ಹಾಕುವವನಿಗೆ ನೆಲ ಕಾಣದಿದ್ದರೆ ಆಗುತ್ತದೆಯೆ?

ಎಲ್ಲಕ್ಕಿಂತ ಸರಳವಾಗಿ ಈ ಗಂಟನ್ನು ಬಿಡಿಸಿದವರು ಗಾರುಡಿಗೊಂಬೆಯವರು. ಮೈಸೂರಿನ ಜಂಬೂಸವಾರಿಯಲ್ಲಿ ಇವನ್ನು ನೋಡದವರಿಲ್ಲ. ಕರಾವಳಿಯಲ್ಲಿ ಇದಕ್ಕೆ ತಟ್ಟಿರಾಯನೆಂಬ ಹೆಸರು. ಬಿದಿರಿನ ತಟ್ಟಿಯ ಹಂದರ, ಮೇಲೆ ಸೀರೆಯೋ ಅಂಗಿಯೋ, ತುದಿಯಲ್ಲಿ ದೊಡ್ಡ ಕಣ್ಣು ಬಿಟ್ಟುಕೊಂಡ ತಲೆ. ಎತ್ತರ ಹತ್ತು ಹನ್ನೆರಡು ಅಡಿ. ಹೊತ್ತವನು ಕೆಳಗಿನಿಂದ ಒಳಹೊಕ್ಕು ಹೆಗಲಿನ ಮೇಲೆ ಇಡೀ ಹಂದರವನ್ನು ಎತ್ತಿಕೊಳ್ಳುತ್ತಾನೆ. ಆಗ ಅವನ ತಲೆ ಬರುವುದು ಗೊಂಬೆಯ ಹೊಟ್ಟೆಯ ಹತ್ತಿರ. ಅಲ್ಲಿ ಬಟ್ಟೆಗೆ ಒಂದು ಸಣ್ಣ ಕಿಂಡಿ. ಜನ ತಲೆಯೆತ್ತಿ ಗೊಂಬೆಯ ಕಣ್ಣನ್ನು ನೋಡುತ್ತಿರುವಾಗ ಅವನು ಹೊಟ್ಟೆಯಿಂದ ಜನರನ್ನು ನೋಡುತ್ತಿರುತ್ತಾನೆ. ಕಿಂಡಿ ಎದುರಿಗೇ ಇದ್ದರೂ ಯಾರ ಲಕ್ಷ್ಯವೂ ಅಲ್ಲಿಗೆ ಹೋಗದಿರುವುದಕ್ಕೆ ಕಾರಣ ಮೇಲಿನ ಆ ಕಣ್ಣುಗಳೇ. ಮನುಷ್ಯನ ಸ್ವಭಾವ ಹಾಗೆ, ಕಣ್ಣಿದ್ದ ಕಡೆಗೆ ಕಣ್ಣು ಹೋಗುತ್ತದೆ. ದೊಡ್ಡ ಕಣ್ಣು ಇಲ್ಲಿ ಅಂದಕ್ಕೆ ಮಾತ್ರವಲ್ಲ, ಮರೆಗೂ ಒದಗುತ್ತದೆ.

ಹೊರದೇಶಗಳಲ್ಲಿ ಇದೇ ತೊಡಕಿಗೆ ಬೇರೆ ಬಗೆಯ ಪರಿಹಾರಗಳಿವೆ. ಜಪಾನಿನ ನೋ ನಾಟಕದ ಮುಖವಾಡ ನಟನ ಮುಖಕ್ಕಿಂತ ಚಿಕ್ಕದು, ಅದರ ಕಣ್ಣಿನ ತೂತು ಇನ್ನೂ ಚಿಕ್ಕದು. ತರುಣಿಯ ಮುಖದಲ್ಲಿ ಪಾಪೆಯ ಜಾಗದ ತೂತು ಚೌಕವಾಗಿರುತ್ತದೆ. ದೆವ್ವ ಪಿಶಾಚಿಗಳ ಮುಖದಲ್ಲಿ ದುಂಡಗಿದ್ದು, ಸುತ್ತ ಹೊಂಬಣ್ಣದ ಲೋಹವಿರುತ್ತದೆ. ನಟನಿಗೆ ಕಾಣುವುದು ಎದುರಿನ ಒಂದು ತುಣುಕು ಮಾತ್ರ. ಹೆಚ್ಚು ಕಾಣಲೆಂದು ತೂತನ್ನು ಹಿಗ್ಗಿಸಿದರೆ ಮುಖದ ಸೂಕ್ಷ್ಮ ಕೆಡುತ್ತದೆ. ಆದುದರಿಂದ ಅವರು ಮುಖವಾಡವನ್ನು ಮುಟ್ಟದೆ ರಂಗಸ್ಥಳವನ್ನೇ ಅದಕ್ಕೆ ಹೊಂದಿಸಿದರು. ಚೌಕವಾದ ರಂಗದ ಮುಂದಿನ ಮೂಲೆಯಲ್ಲಿ ಒಂದು ಕಂಬ. ಅದರ ಹೆಸರು 'ಮೆತ್ಸುಕೆ ಬಾಶಿರ', ಎಂದರೆ ಕಣ್ಣು ನೆಡುವ ಕಂಬ. ನಟ ಆ ಕಂಬವನ್ನು ಗುರುತಿಟ್ಟುಕೊಂಡು, ಹೆಜ್ಜೆ ಎಣಿಸಿ, ಪಾದವನ್ನು ನೆಲದಿಂದ ಎತ್ತದೆ ಜಾರಿಸುತ್ತ ನಡೆಯುತ್ತಾನೆ. ಪ್ರೇಕ್ಷಕರ ನೋಟಕ್ಕೆ ಕಂಬ ಅಡ್ಡವಾಗುತ್ತದೆಂದು ಅದನ್ನು ಕಿತ್ತರೆ ನಟ ರಂಗದಿಂದ ಕೆಳಗೆ ಬೀಳುತ್ತಾನೆ. ನಮ್ಮ ದೇಶದಲ್ಲೇ ಝಾರ್ಖಂಡದ ಸರಾಯ್‌ಕೆಲದಲ್ಲಿ ಮುಖವಾಡ ಕಟ್ಟಿ ಕುಣಿಯುವ ಛವು ನೃತ್ಯವಿದೆ. ಅಲ್ಲಿ ಒಂದೊಂದು ನೃತ್ಯವೂ ಕೆಲವೇ ನಿಮಿಷಗಳದು. ಮುಖವಾಡದ ಒಳಗೆ ಉಸಿರು ಹಿಡಿದು ಅದಕ್ಕಿಂತ ಹೆಚ್ಚು ಹೊತ್ತು ಕುಣಿಯಲಾಗುವುದಿಲ್ಲ. ಒಂದು ಕಡೆ ಕಟ್ಟಡ ಬದಲಾಯಿತು, ಒಂದು ಕಡೆ ಕಾಲ ಮೊಟಕಾಯಿತು. ತೊಟ್ಟವನ ಮೈ ತನಗೆ ಬೇಕಾದುದನ್ನು ಹೇಗೋ ಕಸಿದುಕೊಳ್ಳುತ್ತದೆ.

ಇನ್ನು ನಮ್ಮ ಕಾಲದ ಮುಖವಾಡ. ಪೇಟೆಯಲ್ಲಿ ಹೊಸ ಅಂಗಡಿ ತೆರೆದರೆ, ಶ್ರೀಮಂತರ ಮನೆಯ ಮಗುವಿನ ಹುಟ್ಟುಹಬ್ಬವಾದರೆ, ಬಾಗಿಲಲ್ಲಿ ಒಂದು ಕರಡಿಯೋ ಇಲಿಯೋ ನಿಂತು ಕೈಬೀಸುತ್ತಿರುತ್ತದೆ. ಕಾರ್ಟೂನ್ ಚಿತ್ರಗಳಿಂದ ಎದ್ದುಬಂದ ಪ್ರಾಣಿಗಳು ಇವು. ಅಮೆರಿಕದ ವಾಲ್ಟ್ ಡಿಸ್ನಿಯವರ ಮಿಕ್ಕಿ ಇಲಿ 1928ರಲ್ಲಿ ತೆರೆಗೆ ಬಂದು ಹೆಸರಾದಾಗ ಅದರ ಕಣ್ಣು ಬರಿಯ ಕಪ್ಪು ಬೊಟ್ಟು. 1939ರ ಹೊತ್ತಿಗೆ ಬಿಳಿಯ ಕಣ್ಣಾಲಿಯ ನಡುವೆ ಕರಿಯ ಪಾಪೆ ಇಟ್ಟು ಅದನ್ನು ತಿದ್ದಿದರು. 1955ನೆಯ ಇಸವಿ ಜುಲೈ 17ರಂದು ಕ್ಯಾಲಿಫೋರ್ನಿಯದಲ್ಲಿ ಡಿಸ್ನಿಲ್ಯಾಂಡ್ ತೆರೆದ ಮೇಲೆ, ಚಿತ್ರದ ಪ್ರಾಣಿ ಮೈತಾಳಿ ಮಕ್ಕಳ ಕೈಹಿಡಿದು ಓಡಾಡುವುದು ಲೋಕಕ್ಕೆಲ್ಲ ರೂಢಿಯಾಯಿತು. ಚಿತ್ರದಲ್ಲಿ ಬಿಳಿಯ ಕಣ್ಣು ದೊಡ್ಡದಾದದ್ದು ಭಾವ ತೋರಿಸುವುದಕ್ಕೆ. ಆದರೆ ವೇಷ ಹೊಲಿಯುವವರಿಗೆ ಅದೊಂದು ಅನಿರೀಕ್ಷಿತ ಲಾಭ. ಅಂಗೈಯಗಲದ ಕಣ್ಣು ಸಿಕ್ಕಿದರೆ ಅದನ್ನೇ ಕಿಟಕಿ ಮಾಡಬಹುದಲ್ಲ! ನೋ ನಟನಿಗೂ ಗಾರುಡಿಯವನಿಗೂ ಒದಗದಿದ್ದ ಸೌಕರ್ಯ ಇದು: ತೋರುವ ಕಣ್ಣಿನಿಂದಲೇ ನೋಡುವುದು.

ಹೇಗೆಂದರೆ, ಜಾಲರಿಯಿಂದ. ಇದರ ತತ್ವ ನಮಗೆ ಹೊಸದಲ್ಲ. ಬೇಲೂರಿನಲ್ಲಿ 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವ ದೇವಾಲಯಕ್ಕೆ ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ ಕಲ್ಲಿನ ಜಾಲಂಧ್ರಗಳನ್ನು ಕೂಡಿಸಿದರು. ಹಗಲಿನಲ್ಲಿ ಹೊರಗೆ ನಿಂತು ನೋಡಿದರೆ ಕಲ್ಲಿನ ಚಿತ್ತಾರ ಕಾಣುತ್ತದೆ, ಹಿಂದೆ ಕತ್ತಲೆ. ನವರಂಗದಲ್ಲಿ ನಿಂತು ನೋಡಿದರೆ ಅದೇ ಜಾಲಂಧ್ರದ ಸಂದುಗಳಲ್ಲಿ ಅಂಗಳದ ಜನವೆಲ್ಲ ಕಾಣುತ್ತಾರೆ. ಬೆಳಕಿನಲ್ಲಿರುವವನಿಗೆ ಜಾಲರಿಯೇ ಕಾಣುತ್ತದೆ, ಕತ್ತಲೆಯಲ್ಲಿರುವವನಿಗೆ ಜಾಲರಿಯಾಚೆಯದು ಕಾಣುತ್ತದೆ. ಜಗಲಿಗೆ ಇಳಿಬಿಟ್ಟ ಬಿದಿರುಪರದೆಯ ಹಿಂದೆ ಕುಳಿತು ಬೀದಿ ನೋಡಿದ ಅಜ್ಜಿಯರಿಗೆಲ್ಲ ಗೊತ್ತಿದ್ದ ಸಂಗತಿ ಇದು. ಈಗ ನಗರಗಳ ಬಸ್ಸಿನ ಕಿಟಕಿಗೆ ತೂತುತೂತಾದ ಜಾಹೀರಾತಿನ ಹಾಳೆ ಅಂಟಿಸಿರುತ್ತಾರಷ್ಟೆ. ಹೊರಗಿನವರಿಗೆ ಸಾಬೂನಿನ ಚಿತ್ರ, ಒಳಗಿನವರಿಗೆ ರಸ್ತೆ. ಸಂಜೆ ಬಸ್ಸಿನೊಳಗೆ ದೀಪ ಹಚ್ಚಿದ ಕೂಡಲೇ ಎಲ್ಲ ತಿರುಗುಮುರುಗಾಗುತ್ತದೆ. ಮುಖವಾಡಕ್ಕೂ ಇದೇ ನಿಯಮ. ಬೆಳಕು ಮುಂದಿನಿಂದ ಬೀಳಬೇಕು, ಒಳಗೆ ಕತ್ತಲೆಯಿರಬೇಕು. ಹಿಂದಿನಿಂದ ದೀಪ ಬಿದ್ದರೆ ಕರಡಿಯ ಕಣ್ಣೊಳಗೆ ಮನುಷ್ಯನ ಮೂಗು ತೋರುತ್ತದೆ.

ಜಾಲರಿಗೆ ದೊಡ್ಡ ಸಾಮಗ್ರಿಯೇನೂ ಬೇಡ. ಬಲಿತ ಸೊಳ್ಳೆಪರದೆಯ ಬಟ್ಟೆಯನ್ನು ಗಟ್ಟಿ ಗಂಜಿಯಲ್ಲಿ ಅದ್ದಿ, ಬೋಗುಣಿಯ ಬೆನ್ನಿನ ಮೇಲೆ ಎಳೆದು ಕಟ್ಟಿ ಒಣಗಿಸಿದರೆ ಕಣ್ಣಾಲಿಯ ಉಬ್ಬು ಬರುತ್ತದೆ. ಮಲೆನಾಡಿನ ಮಳೆಗಾಲಕ್ಕೆ ಗಂಜಿ ಹೇಳಿಸಿದ್ದಲ್ಲ, ತೇವಕ್ಕೆ ಮೆತ್ತಗಾಗಿ ಜೋಲುತ್ತದೆ. ಆಗ ತೆಳುವಾದ ಪ್ಲಾಸ್ಟಿಕ್ ಜಾಲರಿಯೇ ಲೇಸು. ಬಿಳಿಯ ಭಾಗಕ್ಕೆ ಬಿಳಿಯ ಜಾಲರಿ, ಪಾಪೆಗೆ ಕರಿಯದು. ಬಣ್ಣ ಬಳಿಯುವುದಾದರೆ ಕುಂಚದಲ್ಲಿ ಬಣ್ಣ ಕಡಿಮೆಯಿರಬೇಕು, ಹೊರಮೈಗೆ ಮಾತ್ರ ತಾಗಿಸಬೇಕು, ಮುಚ್ಚಿಕೊಂಡ ತೂತುಗಳನ್ನು ಹಸಿಯಿರುವಾಗಲೇ ಊದಿ ಬಿಡಿಸಬೇಕು. ಬಿಳಿಯ ಎಳೆ ಒಳಗಿನಿಂದಲೂ ಬೆಳಕಿಗೆ ಹೊಳೆದು ನೋಟವನ್ನು ಮಂಜುಮಾಡುವುದುಂಟು. ಅದಕ್ಕೆ ಒಳಮೈಗೆ ಕಪ್ಪು ಹಚ್ಚುತ್ತಾರೆ. ಎಲ್ಲಕ್ಕಿಂತ ಚೆನ್ನಾಗಿ ಕಾಣುವುದು ಕರಿಯ ಪಾಪೆಯ ಮೂಲಕವೇ. ಆದುದರಿಂದ ಕುಶಲಿಗಳು ಪಾಪೆಯನ್ನು ತೊಟ್ಟವನ ಕಣ್ಣಿನ ನೇರಕ್ಕೆ ಬರುವಂತೆ ಲೆಕ್ಕಹಾಕಿ, ಉಳಿದ ಮುಖವನ್ನು ಅದರ ಸುತ್ತ ಕಟ್ಟುತ್ತಾರೆ. ಇನ್ನೊಂದು ಚಮತ್ಕಾರವಿದೆ. ಕಣ್ಣನ್ನು ಹೊರಕ್ಕೆ ಉಬ್ಬಿಸುವ ಬದಲು ಗೂಡಿನಂತೆ ಒಳಕ್ಕೆ ತಗ್ಗಿಸಿಟ್ಟರೆ, ನೋಡುವವನು ಎತ್ತ ಸರಿದರೂ ಆ ಕಣ್ಣು ಅವನನ್ನೇ ಹಿಂಬಾಲಿಸಿದಂತೆ ತೋರುತ್ತದೆ. ಸಣ್ಣ ಮಕ್ಕಳು ಇದನ್ನು ಕಂಡು ಅಳುವುದೂ ಉಂಟು.

ದೂರದ ಲೆಕ್ಕವನ್ನು ಹೇಳಲೇಬೇಕು. ಅನಾಹುತಗಳೆಲ್ಲ ಅಲ್ಲಿಂದಲೇ ಬರುವುದು. ಅರ್ಧ ಅಂಗುಲ ಅಗಲದ ತೂತು ಕಣ್ಣಿನಿಂದ ಒಂದು ಅಂಗುಲ ದೂರದಲ್ಲಿದ್ದರೆ, ಹತ್ತಡಿ ಆಚೆಗೆ ಸುಮಾರು 5 ಅಡಿಯಗಲದ ಜಾಗ ಕಾಣುತ್ತದೆ. ಅದೇ ತೂತು ನಾಲ್ಕು ಅಂಗುಲ ದೂರ ಹೋದರೆ ಕಾಣುವುದು 15 ಅಂಗುಲ ಮಾತ್ರ. ತೂತಿನ ಅಳತೆ ಬದಲಾಗಲಿಲ್ಲ, ಲೋಕ ಕಾಲುಭಾಗಕ್ಕೆ ಇಳಿಯಿತು. ಕಾರ್ಟೂನ್ ಮುಖದ ತಲೆ ಕುಂಬಳಕಾಯಿಯಂತೆ ದಪ್ಪನಾದುದರಿಂದ ಅದರ ಕಣ್ಣು ತೊಟ್ಟವನಿಂದ ದೂರವೇ ಇರುತ್ತದೆ. ಸಾಲದ್ದಕ್ಕೆ ಮೂತಿ ಮುಂದಕ್ಕೆ ಚಾಚಿ ನೆಲವನ್ನೂ ಕಾಲುಗಳನ್ನೂ ಮರೆಮಾಡುತ್ತದೆ. ಎಷ್ಟೋ ವೇಷಗಳಲ್ಲಿ ಕಣ್ಣಿನ ಜೊತೆಗೆ ತೆರೆದ ಬಾಯಿಗೂ ಕರಿಯ ಜಾಲರಿ ಹಾಕುವುದು ಇದಕ್ಕಾಗಿಯೇ. ಮೆಟ್ಟಿಲು ಇಳಿಯುವಾಗ ಬಾಯಿಯಿಂದ ನೋಡಬೇಕು.

ಒಂದು ಪ್ರೌಢಶಾಲೆಯ ವಾರ್ಷಿಕೋತ್ಸವದಲ್ಲಿ ಈ ಲೆಕ್ಕ ತಪ್ಪಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಛದ್ಮವೇಷದ ಸ್ಪರ್ಧೆ. ಒಂಬತ್ತನೆಯ ತರಗತಿಯ ಹುಡುಗ ಕರಡಿಯಾಗಿದ್ದ. ಮುಖವಾಡ ಬಹಳ ಅಂದವಾಗಿತ್ತು. ಕಣ್ಣಿಗೆ ಜಾಲರಿಯ ಬದಲು ಹೊಳಪಿಗೆಂದು ಪಾರದರ್ಶಕವಾದ ಪ್ಲಾಸ್ಟಿಕ್ ಹಾಳೆ ಹಾಕಿ, ಅಂಚಿಗೆ ಗಾಳಿ ಆಡದಂತೆ ಅಂಟು ಮೆತ್ತಿದ್ದರು. ಜೋರು ಮಳೆಯ ಸಂಜೆ. ಎರಡು ಸುತ್ತು ಕುಣಿಯುವುದರೊಳಗೆ ಅವನ ಉಸಿರಿನ ಆವಿಯೇ ಹಾಳೆಗೆ ಕಟ್ಟಿ ಒಳಗೆಲ್ಲ ಬೆಳ್ಳಗಾಯಿತು. ಸಭೆಗೆ ಇದೇನೂ ತಿಳಿಯಲಿಲ್ಲ. ಕರಡಿಯ ಕಣ್ಣು ಮೊದಲಿನಂತೆಯೇ ಹೊಳೆಯುತ್ತಿತ್ತು, ನಗುತ್ತಿತ್ತು. ಚಪ್ಪಾಳೆಯ ಸದ್ದಿನ ಕಡೆಗೆ ಎರಡು ಹೆಜ್ಜೆ ಇಟ್ಟವನು ವೇದಿಕೆಯ ಅಂಚಿನಿಂದ ಕೆಳಗೆ ಬಿದ್ದ. ಅದೂ ಆಟವೆಂದೇ ಬಗೆದು ಹಿಂದಿನ ಸಾಲಿನ ಹುಡುಗರು ನಕ್ಕರು. ಮುಖವಾಡ ಕಳಚಿದಾಗ ಅವನ ಮುಖ ಬೆವರಿನಲ್ಲಿ ತೊಯ್ದುಹೋಗಿತ್ತು. ಬಲಗೈಯ ಮೂಳೆ ಮುರಿದಿತ್ತು. ಬಹುಮಾನ ಕೊಟ್ಟರು, ಅವನದೇ ಉತ್ತಮ ವೇಷವೆಂದು. ಎಡಗೈಯಲ್ಲಿ ತೆಗೆದುಕೊಂಡ.

ಜಾಲರಿಯಾಗಿದ್ದರೆ ಉಸಿರಿಗೂ ದಾರಿಯಿರುತ್ತಿತ್ತು. ಒಳಗೆ ಆವಿ ನಿಲ್ಲುವ ತೊಂದರೆಗೆ ಗಾಜಾಗಲಿ ಪ್ಲಾಸ್ಟಿಕ್ಕಾಗಲಿ ಮದ್ದಲ್ಲ. ಇದರ ಜೊತೆಗೆ ಅಂಗಡಿಯ ಮುಂದೆ ಬಿಸಿಲಿನಲ್ಲಿ ನಿಲ್ಲುವ ಕರಡಿ ಇಲಿಗಳ ಒಳಗಿನವರನ್ನೂ ನೆನೆಯಬೇಕು. ಅವರು ಬಹುಮಟ್ಟಿಗೆ ದಿನಗೂಲಿಯ ಹುಡುಗರು; ವೇಷ ಅವರ ಅಳತೆಗೆ ಹೊಲಿದದ್ದಲ್ಲ, ಬಾಡಿಗೆಗೆ ತಂದದ್ದು. ಇನ್ನೊಬ್ಬನ ಕಣ್ಣಿನ ನೇರಕ್ಕೆ ಮಾಡಿದ ಕಿಂಡಿಯಿಂದ ಇವನು ಕತ್ತು ಸೊಟ್ಟಮಾಡಿ ನೋಡಬೇಕು. ಮಕ್ಕಳು ಹಿಂದಿನಿಂದ ಬಾಲ ಎಳೆದರೆ ತಿರುಗಿ ನೋಡುವಷ್ಟರಲ್ಲಿ ಅವರು ಓಡಿಹೋಗಿರುತ್ತಾರೆ. ಗಾರುಡಿಗೊಂಬೆ ಹೊರುವವನ ಪಕ್ಕದಲ್ಲಿ ಮೇಳದವರೂ ವಾದ್ಯದವರೂ ಇರುತ್ತಾರೆ. ಭೂತದ ಮೊಗ ಏರಿಸಿದವನ ಆಸುಪಾಸಿನಲ್ಲಿ ಪರಿಚಾರಕರಿರುತ್ತಾರೆ. ಕರಡಿಯ ವೇಷದವನಿಗೆ ಯಾರೂ ಇಲ್ಲ. ಪಕ್ಕದಲ್ಲಿ ಕೈಹಿಡಿಯಲು ಒಬ್ಬನನ್ನು ಇರಿಸಿದರೆ ಕೂಲಿ ಇಮ್ಮಡಿಯಾಗುತ್ತದೆಂದು ಅಂಗಡಿಯವರ ಲೆಕ್ಕ. ಹಳಬರು ಅನುಭವದಿಂದ ಕಂಡುಕೊಂಡಿದ್ದ ಒಂದು ಏರ್ಪಾಟನ್ನು ನಾವು ಜಾಲರಿ ಸಿಕ್ಕಿತೆಂದು ಕೈಬಿಟ್ಟಂತಾಯಿತು.

ಬಾನುಲಿಯಲ್ಲಿ ಈ ವಿಷಯವನ್ನು ಕೇಳುವವರಿಗೆ ಒಂದು ಅನುಕೂಲವುಂಟು: ಹೊರಗಿನ ಮುಖ ಎದುರಿಗಿರುವುದಿಲ್ಲವಾದುದರಿಂದ ಒಳಗಿನ ಮಾತು ಕಿವಿಗೆ ಬೀಳುತ್ತದೆ. ಕಣ್ಣಿನಿಂದ ನೋಡಬೇಕೆನ್ನುವವರು ಮೈಸೂರಿನ ಜಯಲಕ್ಷ್ಮಿವಿಲಾಸದಲ್ಲಿರುವ ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯಕ್ಕೂ, ಎಚ್. ಎಲ್. ನಾಗೇಗೌಡರು ರಾಮನಗರದ ಹತ್ತಿರ ಕಟ್ಟಿದ ಜಾನಪದ ಲೋಕಕ್ಕೂ ಹೋಗಬೇಕು. ನಾಡಿನ ಮುಖವಾಡಗಳು ಅಲ್ಲಿ ಉಳಿದಿರುವುದೇ ಆ ಹಿರಿಯರ ಪುಣ್ಯ. ಆದರೆ ಯಾವ ಸಂಗ್ರಹಾಲಯದಲ್ಲಾದರೂ ಮುಖವಾಡವನ್ನು ಗೋಡೆಗೋ ಹಲಗೆಗೋ ಒತ್ತಿ ನಿಲ್ಲಿಸುವುದು ವಾಡಿಕೆ. ನಮಗೆ ಕಾಣುವುದು ತೋರುವ ಕಣ್ಣು ಮಾತ್ರ. ಹಣೆ ತಾಗುವಲ್ಲಿ ಸುತ್ತಿದ ಹಳೆಯ ಬಟ್ಟೆ, ಕಟ್ಟುವ ದಾರ ಹಾದ ತೂತು, ಮೂಗು ಉಜ್ಜಿ ನುಣುಪಾದ ಮರ, ಒಬ್ಬನಿಂದ ಇನ್ನೊಬ್ಬನಿಗೆ ಬಂದಾಗ ಕಿಂಡಿಯನ್ನು ಮತ್ತೆ ಕೆತ್ತಿ ಹಿಗ್ಗಿಸಿದ ಗುರುತು, ಇವೆಲ್ಲ ಗೋಡೆಯ ಕಡೆಗೆ ತಿರುಗಿಕೊಂಡಿರುತ್ತವೆ. ಕುಣಿದವನ ಚರಿತ್ರೆ ಬರೆದಿರುವುದು ಆ ಬದಿಯಲ್ಲಿ. ಒಂದೆರಡು ಮುಖವಾಡಗಳನ್ನಾದರೂ ಹಿಂಬದಿ ಕಾಣುವಂತೆ ಕನ್ನಡಿಯ ಮುಂದೆ ಇಡುವುದು ಕಷ್ಟವಲ್ಲ. ಕೆಳಗಿನ ಚೀಟಿಯಲ್ಲಿ ಊರು, ಮರ, ಬಣ್ಣಗಳ ಜೊತೆಗೆ ಕಿಂಡಿಯ ಅಗಲ ಎಷ್ಟು, ಅದು ತೊಟ್ಟವನ ಕಣ್ಣಿನಿಂದ ಎಷ್ಟು ಅಂಗುಲ ದೂರ ಎಂಬ ಎರಡು ಅಂಕಿಗಳನ್ನು ಬರೆಯುವುದಕ್ಕೂ ಜಾಗವಿದೆ.